44ನೇ ಸೋವಿಯತ್ ರೈಫಲ್ ಡಿವಿಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ಯುದ್ಧದ ಇತಿಹಾಸ ಓದುವವರ ಜೊತೆ ಮಾತಿಗೆ ಕೂತಾಗಲೆಲ್ಲ ನನ್ನ ಮಾತು ಕೊನೆಗೆ ಈ ಒಂದು ಡಿವಿಷನ್ ಹತ್ತಿರ ಬಂದು ನಿಲ್ಲುತ್ತದೆ. ಕೂತವರು ಪ್ರಶ್ನೆ ಹಾಕುತ್ತಾರೆ. ಕೆಲವರು ಮನೆಗೆ ಹೋದ ಮೇಲೆ ಪತ್ರ ಬರೆದೂ ಕೇಳುತ್ತಾರೆ. ಅವೇ ಪ್ರಶ್ನೆಗಳು ತಿರುತಿರುಗಿ ಬರುವುದರಿಂದ, ಅವರು ಕೇಳಿದ ಮಾತಿನಲ್ಲೇ ಇಲ್ಲಿ ಒಟ್ಟು ಹಾಕಿದ್ದೇನೆ. ಹೊಸದಾಗಿ ಓದುವವರು ಮೇಲಿನಿಂದ ಓದಿ. ಸ್ವಲ್ಪ ಗೊತ್ತಿರುವವರು ಬೇಕಾದ ಕಡೆಗೆ ನೇರ ಹೋಗಿ.

## ಮೊದಲು ಪರಿಚಯ

ರಷ್ಯಾದವರ ಹತ್ತಿರ ನೂರಾರು ಡಿವಿಷನ್ ಇತ್ತು. ಇದೊಂದನ್ನೇ ಯಾಕೆ ಹಿಡಿದುಕೊಂಡಿದ್ದೀರಿ?

ಇಪ್ಪತ್ತೈದು ವರ್ಷದೊಳಗೆ ಈ ಡಿವಿಷನ್ ಕಂಡಷ್ಟನ್ನು ಕಂಡದ್ದು ಕಡಿಮೆ. ರಷ್ಯಾದ ಕ್ರಾಂತಿಯ ನಂತರದ ಅಂತರ್ಯುದ್ಧದಲ್ಲಿ ಹುಟ್ಟಿತು. 1920ರಲ್ಲಿ ಪೋಲೆಂಡ್ ವಿರುದ್ಧ ಹೋರಾಡಿತು. 1939ರಲ್ಲಿ ಮತ್ತೆ ಅದೇ ಪೋಲೆಂಡಿನೊಳಗೆ ನಡೆಯಿತು. ನಾಲ್ಕು ತಿಂಗಳೊಳಗೆ ಫಿನ್ಲೆಂಡಿನ ಹಿಮದಲ್ಲಿ ನುಚ್ಚುನೂರಾಯಿತು. ಮತ್ತೆ ಕಟ್ಟಿದರು. 1941ರ ಬೇಸಿಗೆಯಲ್ಲಿ ಜರ್ಮನ್ನರ ಬಲೆಯಲ್ಲಿ ಸಿಕ್ಕಿ ಪೂರ್ತಿ ಇಲ್ಲವಾಯಿತು. ಆಮೇಲೆ ಅದೇ ನಂಬರಿನಲ್ಲಿ ಬೇರೆಯದೇ ಜನ ಲೆನಿನ್‌ಗ್ರಾಡ್ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಪಕ್ಕ ಯುದ್ಧ ಮಾಡಿದರು.

ಆದರೆ ನನ್ನನ್ನು ಹಿಡಿದಿಟ್ಟಿದ್ದು ಈ ಪಟ್ಟಿ ಅಲ್ಲ. ಉಕ್ರೇನಿನ ಗದ್ದೆ ಬಯಲಿನ ಹುಡುಗರು, ಕಾಡಿನಲ್ಲಿ ನಡೆದು ಗೊತ್ತಿಲ್ಲದವರು, ಎಲ್ಲೋ ಉತ್ತರದ ಒಂದು ಕಿರಿದಾದ ರಸ್ತೆಯಲ್ಲಿ ಹೆಪ್ಪುಗಟ್ಟಿ ಸತ್ತರಲ್ಲ, ಅದು. ಇತಿಹಾಸದ ಪುಸ್ತಕಗಳು ಅವರನ್ನು ಬರೀ ಒಂದು ನಂಬರ್ ಮಾಡಿ ಮುಂದೆ ಹೋಗುತ್ತವೆ. ನನಗೆ ಹಾಗೆ ಮುಂದೆ ಹೋಗಲು ಆಗಲಿಲ್ಲ.

ಡಿವಿಷನ್ ಅಂದ್ರೆ ಎಷ್ಟು ಜನ? "ರೈಫಲ್" ಅಂತ ಯಾಕೆ ಕರೀತಾರೆ?

ರೈಫಲ್ ಡಿವಿಷನ್ ಅಂದರೆ ಕಾಲಾಳು ಪಡೆ, ಅಷ್ಟೇ. ಕೆಂಪು ಸೇನೆ, ಅಂದರೆ ಸೋವಿಯತ್ ಸೇನೆ, ಕಾಲಾಳುಗಳಿಗೆ "ಗುಂಡು ಹಾರಿಸುವವರು" ಎನ್ನುವ ಅರ್ಥದ ಹೆಸರಿಟ್ಟಿತ್ತು. ಅದೇ ರೈಫಲ್ ಆಗಿ ನಮ್ಮ ತನಕ ಬಂದಿದೆ.

1939ರ ಹೊತ್ತಿಗೆ ಒಂದು ಪೂರ್ತಿ ಡಿವಿಷನ್‌ನಲ್ಲಿ 14000ಕ್ಕೂ ಹೆಚ್ಚು ಜನ ಇರಬೇಕಿತ್ತು. ಮೂರು ರೈಫಲ್ ರೆಜಿಮೆಂಟ್, ಫಿರಂಗಿ, ಒಂದಿಷ್ಟು ಟ್ಯಾಂಕ್, ಸಾವಿರಾರು ಕುದುರೆ. 44ರ ಮೂರು ರೆಜಿಮೆಂಟ್‌ಗಳು 25, 146 ಮತ್ತು 305. ನಮ್ಮ ಸೇನೆಯಲ್ಲಿ ಡಿವಿಷನ್ ನಡೆಸುವವರು ಮೇಜರ್ ಜನರಲ್. ಕೆಂಪು ಸೇನೆಯಲ್ಲಿ 1940ರ ಮೇ ತನಕ ಜನರಲ್ ಎನ್ನುವ ಪದವಿಯೇ ಇರಲಿಲ್ಲ. ಅದಕ್ಕೇ ಫಿನ್ಲೆಂಡಿನ ಕತೆಯಲ್ಲಿ "ಕೊಂಬ್ರಿಗ್" ಎನ್ನುವ ಪದ ಬಂದರೆ ಗಾಬರಿಯಾಗಬೇಡಿ. ಬ್ರಿಗೇಡ್ ಕಮಾಂಡರ್ ಎನ್ನುವುದರ ಚಿಕ್ಕ ರೂಪ ಅದು.

44ನೇ ಗಾರ್ಡ್ಸ್ ಡಿವಿಷನ್ ಅಂತ ಒಂದು ಕಡೆ ಓದಿದೆ. ಅದೂ ಇದೂ ಒಂದೇನಾ?

ಅಲ್ಲ. ಗಾರ್ಡ್ಸ್ ಎನ್ನುವುದು ಚೆನ್ನಾಗಿ ಹೋರಾಡಿದ ಪಡೆಗೆ ಕೊಡುತ್ತಿದ್ದ ಗೌರವ. ಅದು ಸಿಕ್ಕಾಗ ಹಳೆಯ ನಂಬರ್ ತೆಗೆದು ಗಾರ್ಡ್ಸ್ ಸಾಲಿನ ಹೊಸ ನಂಬರ್ ಕೊಡುತ್ತಿದ್ದರು. ಎರಡೂ ಬೇರೆ ಬೇರೆ ಎಣಿಕೆ. ಈ ಗೊಂದಲ ತುಂಬಾ ಜನರಿಗೆ ಆಗುತ್ತದೆ.

## ಹುಟ್ಟಿದ ಕಾಲ

ಇದನ್ನು ಕಟ್ಟಿದ್ದು ಯಾರು?

1918ರ ಶರತ್ಕಾಲದಲ್ಲಿ ಉಕ್ರೇನಿನಲ್ಲಿ ಜರ್ಮನ್ ಸೇನೆ ಇನ್ನೂ ಕೂತಿತ್ತು. ಗಡಿ ಪಕ್ಕದಲ್ಲಿ ಬೊಲ್ಶೆವಿಕ್ (ಲೆನಿನ್‌ರ ಕಮ್ಯುನಿಸ್ಟ್ ಪಕ್ಷ) ಪರವಾದ ಗುಂಪುಗಳು ಸೇರಿ ರೆಜಿಮೆಂಟ್‌ಗಳಾದವು. ಅವುಗಳಲ್ಲಿ ಎರಡಕ್ಕೆ ದೊಡ್ಡ ಹೆಸರು ಬಂತು. ಒಂದು ಬೊಹೂನ್ ರೆಜಿಮೆಂಟ್, ಇನ್ನೊಂದು ತರಾಶ್ಚಾ ರೆಜಿಮೆಂಟ್. ಇವು 1ನೇ ಉಕ್ರೇನಿಯನ್ ಸೋವಿಯತ್ ಡಿವಿಷನ್‌ನಲ್ಲಿದ್ದವು. 1919ರ ಆಗಸ್ಟ್‌ನಲ್ಲಿ ಆ ಡಿವಿಷನ್ ಇನ್ನೊಂದು ಪಡೆಯ ಜೊತೆ ಸೇರಿ 44ನೇ ರೈಫಲ್ ಡಿವಿಷನ್ ಆಯಿತು.

ಬೊಹೂನ್ ರೆಜಿಮೆಂಟ್ ಕಟ್ಟಿದವರು ಮಿಕೋಲಾ ಶ್ಚೋರ್ಸ್. 1895ರಲ್ಲಿ ಚೆರ್ನಿಹಿವ್ ಕಡೆಯ ಸ್ನೋವ್‌ಸ್ಕ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದವರು. ಓದಿದ್ದು ಸೇನೆಯ ವೈದ್ಯ ಸಹಾಯಕರ ಕೆಲಸ. 44ನೇ ಡಿವಿಷನ್‌ನ ಕಮಾಂಡರ್ ಆದಾಗ ಅವರಿಗೆ 24 ವರ್ಷ. ಆ ಹುದ್ದೆಯಲ್ಲಿ ಇದ್ದದ್ದು ಕೆಲವೇ ದಿನ.

ಶ್ಚೋರ್ಸ್‌ರನ್ನು ಅವರ ಕಡೆಯವರೇ ಕೊಂದರಂತೆ, ಹೌದಾ?

1919ರ ಆಗಸ್ಟ್ 30ರಂದು ಕೊರೊಸ್ತೆನ್ ಹತ್ತಿರದ ಬಿಲೊಶಿತ್ಸ್ಯ ಎಂಬ ಹಳ್ಳಿಯಲ್ಲಿ ಅವರು ಸತ್ತರು. ಕೊರೊಸ್ತೆನ್ ರೈಲು ಜಂಕ್ಷನ್ ಕೈಬಿಟ್ಟರೆ ಕೀವ್‌ನಿಂದ ಹಿಂದೆ ಸರಿಯುತ್ತಿದ್ದವರಿಗೆ ದಾರಿ ಇರುತ್ತಿರಲಿಲ್ಲ. ಅದಕ್ಕಾಗಿ ಅಲ್ಲಿ ಬಿಗಿ ಹೋರಾಟ ನಡೆದಿತ್ತು. ಎದುರಿಗಿದ್ದ ಉಕ್ರೇನಿಯನ್ ರಾಷ್ಟ್ರೀಯ ಸೇನೆಯ ಮೆಷಿನ್‌ಗನ್ ಗುಂಡು ತಗುಲಿತು ಎಂದು ಸೋವಿಯತ್ ಕಾಲದಲ್ಲಿ ಹೇಳುತ್ತಿದ್ದರು.

ಆಗ ಪಕ್ಕದಲ್ಲಿ ಮಲಗಿದ್ದವರು ಅವರ ಕೆಳಗಿನ ಅಧಿಕಾರಿ ಇವಾನ್ ದುಬೊವೊಯ್. ಗುಂಡು ಕಪಾಲದ ಪಕ್ಕದಿಂದ ಒಳಹೊಕ್ಕು ಹಿಂದಲೆಯಿಂದ ಹೊರಬಂತು ಎಂದು ಅವರು ಬರೆದರು. ಶವವನ್ನು ಎಷ್ಟೋ ದೂರದ ಸಮಾರಾ ನಗರಕ್ಕೆ ಒಯ್ದು ಮಣ್ಣು ಮಾಡಿದರು. ಆಮೇಲೆ ಸಮಾಧಿ ಎಲ್ಲಿದೆ ಎನ್ನುವುದೇ ಮರೆತುಹೋಯಿತು. 1949ರಲ್ಲಿ ಹುಡುಕಿ ತೆಗೆದರು. ಪರೀಕ್ಷಿಸಿದ ತಜ್ಞರು ಬರೆದದ್ದು ಉಲ್ಟಾ: ಗುಂಡು ಹಿಂದಲೆಯಿಂದ ಒಳಹೊಕ್ಕಿತ್ತು.

ಅನುಮಾನ ಹುಟ್ಟಿದ್ದು ಅಲ್ಲಿಂದ. ಯುದ್ಧದಲ್ಲಿ ತಲೆ ತಿರುಗಿಸಿದ ಕ್ಷಣದಲ್ಲೂ ಹಿಂದಿನಿಂದ ಗುಂಡು ಬೀಳಬಹುದು ಎನ್ನುವುದು ನಿಜ. ಆದರೆ ದುಬೊವೊಯ್ ಮಾತು ಮತ್ತು ತಲೆಬುರುಡೆ ಹೇಳುವ ಮಾತು ಒಂದಕ್ಕೊಂದು ಕೂಡುವುದಿಲ್ಲ. ಕೊಂದವರು ಇವರೇ ಎಂದು ಬೆರಳು ತೋರಿಸುವಷ್ಟು ಸಾಕ್ಷಿ ಇಲ್ಲ. ದುಬೊವೊಯ್‌ರನ್ನು ಕೇಳೋಣ ಎಂದರೆ 1938ರಲ್ಲೇ, ಸ್ಟಾಲಿನ್ ತನ್ನ ಕಡೆಯವರನ್ನೇ ಸಾಲಾಗಿ ಹಿಡಿದು ಕೊಲ್ಲಿಸಿದ ಶುದ್ಧೀಕರಣದಲ್ಲಿ, ಅವರಿಗೂ ಗುಂಡಿಟ್ಟಾಗಿತ್ತು.

ಇಷ್ಟು ಚಿಕ್ಕ ವಯಸ್ಸಿನಲ್ಲಿ ಸತ್ತವರು ಅಷ್ಟು ದೊಡ್ಡ ವೀರ ಹೇಗಾದರು?

ಸತ್ತ ಕೂಡಲೇ ಆಗಲಿಲ್ಲ. ಹದಿನೈದು ವರ್ಷ ಅವರ ಹೆಸರು ಡಿವಿಷನ್‌ನ ಹಳಬರ ಬಾಯಲ್ಲಿ ಮಾತ್ರ ಇತ್ತು. 1935ರಲ್ಲಿ ಸ್ಟಾಲಿನ್ ಉಕ್ರೇನಿಗೂ ಒಬ್ಬ ಅಂತರ್ಯುದ್ಧದ ವೀರ ಬೇಕು ಎಂದು ಸೂಚಿಸಿದ. ಅಲ್ಲಿಂದ ಎಲ್ಲ ಶುರು. ಸ್ನೋವ್‌ಸ್ಕ್ ಊರಿಗೆ ಶ್ಚೋರ್ಸ್ ಎಂದೇ ಹೆಸರಾಯಿತು. 1939ರಲ್ಲಿ ಸಿನಿಮಾ ಬಂತು. ಡಿವಿಷನ್‌ಗೂ ಅವರ ಹೆಸರು ಅಂಟಿತು. 1954ರಲ್ಲಿ ಕೀವ್‌ನಲ್ಲಿ ಕುದುರೆ ಮೇಲೆ ಕೂತ ದೊಡ್ಡ ಪ್ರತಿಮೆ ನಿಂತಿತು. 2016ರಲ್ಲಿ ಊರಿಗೆ ಹಳೆಯ ಹೆಸರು ಮರಳಿತು. 2023ರ ಡಿಸೆಂಬರ್‌ನಲ್ಲಿ ಪ್ರತಿಮೆಯನ್ನೂ ಇಳಿಸಿದರು.

1920ರ ಪೋಲೆಂಡ್ ಯುದ್ಧದಲ್ಲಿ ಇವರ ಪಾತ್ರ ಏನು?

1919ರ ಡಿಸೆಂಬರ್‌ನಲ್ಲಿ ಬೊಲ್ಶೆವಿಕ್ ವಿರೋಧಿಗಳ ಬಿಳಿ ಸೇನೆಯ ಕೈಯಿಂದ ಕೀವ್ ಬಿಡಿಸಿದ ಪಡೆಗಳಲ್ಲಿ 44 ಇತ್ತು. "ಕೀವ್" ಎನ್ನುವ ಬಿರುದು ಬಂದದ್ದು ಹಾಗೆ. 1920ರ ಮೇ 7ರಂದು ಪೋಲಿಷ್ ಸೇನೆ ಅದೇ ಕೀವ್ ಹಿಡಿಯಿತು. ಜೂನ್‌ನಲ್ಲಿ ಕೆಂಪು ಸೇನೆ ಮರಳಿ ತೆಗೆದುಕೊಂಡಿತು. ಆಗ 44 ಮತ್ತು 45ನೇ ಡಿವಿಷನ್‌ಗಳು ಇಯೋನಾ ಯಾಕಿರ್ ಕೈಕೆಳಗೆ ದಕ್ಷಿಣದ ಫಾಸ್ತಿವ್ ಕಡೆಯಿಂದ ಒತ್ತಿದವು. ಯುದ್ಧ ಮುಗಿದ ಮೇಲೆ ಡಿವಿಷನ್ ಝಿತೊಮಿರ್‌ನಲ್ಲಿ ನೆಲೆಯೂರಿತು. ಮುಂದಿನ ಎರಡು ದಶಕ ಅದೇ ಸುತ್ತಮುತ್ತಲ ಹಳ್ಳಿಗಳ ಹುಡುಗರು ಬಂದು ಸೇರಿದರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1939ರಲ್ಲಿ ಪೋಲೆಂಡ್‌ಗೆ ನುಗ್ಗಿದವರಲ್ಲಿ ಇವರೂ ಇದ್ರಾ?

ಇದ್ದರು. ಸೆಪ್ಟೆಂಬರ್ 17ರಂದು ಸೋವಿಯತ್ ಸೇನೆ ಪೂರ್ವದಿಂದ ಒಳಹೊಕ್ಕಾಗ 44 ಕೂಡ ಹೋಯಿತು. ಪೋಲಿಷ್ ಸೇನೆ ಆಗಲೇ ಜರ್ಮನ್ನರ ಎದುರು ಕುಸಿಯುತ್ತಿತ್ತು. ಹಾಗಾಗಿ ಇದು ಬಹುಪಾಲು ನಡಿಗೆಯೇ ಆಯಿತು. ಯುದ್ಧ ಅಂದರೆ ಇಷ್ಟೇ ಎನ್ನುವ ತಪ್ಪು ಅಂದಾಜು ಎಲ್ಲರ ತಲೆಯಲ್ಲೂ ಕೂತಿತು.

## ರಾತೆ ರಸ್ತೆ

ಉಕ್ರೇನಿನ ಡಿವಿಷನ್‌ಗೆ ಫಿನ್ಲೆಂಡಿನಲ್ಲಿ ಏನು ಕೆಲಸ?

1939ರ ನವೆಂಬರ್ 30ರಂದು ಸೋವಿಯತ್ ಒಕ್ಕೂಟ ಫಿನ್ಲೆಂಡ್ ಮೇಲೆ ಬಿತ್ತು. ಇದಕ್ಕೇ ಚಳಿಗಾಲದ ಯುದ್ಧ ಎನ್ನುತ್ತಾರೆ. ನಕ್ಷೆ ತೆಗೆದು ನೋಡಿ. ಫಿನ್ಲೆಂಡಿಗೆ ನಡುವಿನಲ್ಲಿ ಒಂದು ಸೊಂಟ ಇದೆ. ಪೂರ್ವದ ಗಡಿಯಿಂದ ಪಶ್ಚಿಮದ ಓಉಲು ಬಂದರಿನ ತನಕ ಹೋದರೆ ದೇಶ ಎರಡು ತುಂಡು. ಆ ಕೆಲಸ ಸೋವಿಯತ್ 9ನೇ ಸೇನೆಗೆ ಸಿಕ್ಕಿತು. ಮೊದಲು ನುಗ್ಗಿದ 163ನೇ ಡಿವಿಷನ್ ಡಿಸೆಂಬರ್ 7ಕ್ಕೆ ಸುವೊಮುಸ್ಸಲ್ಮಿ ಎಂಬ ಊರು ಹಿಡಿಯಿತು. ಹಿಡಿದು ಅಲ್ಲೇ ಸಿಕ್ಕಿಹಾಕಿಕೊಂಡಿತು.

ಅದನ್ನು ಬಿಡಿಸಲು 44 ಅನ್ನು ಕರೆಸಿದರು. ಪಶ್ಚಿಮ ಉಕ್ರೇನಿನ ತೆರ್ನೊಪಿಲ್ ಕಡೆಯಿಂದ ರೈಲು ಹತ್ತಿಸಿ ಉತ್ತರಕ್ಕೆ ತಂದರು. ರೈಲಿಳಿದ ಜಾಗದಿಂದ ಗಡಿಗೆ ನೂರಾರು ಕಿಲೋಮೀಟರ್. ಲಾರಿ ಸಾಲದು. ಹಿಮದಲ್ಲಿ ನಡಿಗೆ. ಒಂದು ಬೆಟಾಲಿಯನ್ ಬರುತ್ತಿದ್ದಂತೆ ಅದನ್ನು ಮುಂದೆ ದೂಡಿದರು, ಇನ್ನೊಂದು ದಾರಿಯಲ್ಲೇ ಇರುತ್ತಿತ್ತು. ಡಿವಿಷನ್ ಪೂರ್ತಿ ಒಂದು ಕಡೆ ಸೇರಿ ನಿಂತದ್ದೇ ಇಲ್ಲ. ಕಮಾಂಡರ್ ಅಲೆಕ್ಸೇಯ್ ವಿನೊಗ್ರಾದೊವ್ ಸ್ವಲ್ಪ ಹಿಂದಿನ ತನಕ ಬರೀ ಒಂದು ರೆಜಿಮೆಂಟ್ ನೋಡಿಕೊಂಡಿದ್ದವರು. ಶುದ್ಧೀಕರಣದಲ್ಲಿ ಮೇಲಿನವರೆಲ್ಲ ಹೋಗಿ ಇಂಥವರು ಸರಸರ ಮೇಲೇರಿದ್ದರು.

ಅಷ್ಟು ಜನ, ಟ್ಯಾಂಕು, ಫಿರಂಗಿ ಎಲ್ಲ ಇದ್ದೂ ಸೋತಿದ್ದು ಹೇಗೆ?

ಎಲ್ಲವೂ ಒಂದೇ ರಸ್ತೆ ಮೇಲಿತ್ತು. ಅದೇ ಉತ್ತರ.

ರಾತೆ ಗಡಿಯ ಹತ್ತಿರದ ಹಳ್ಳಿ. ಅಲ್ಲಿಂದ ಸುವೊಮುಸ್ಸಲ್ಮಿಗೆ ಕಾಡಿನ ನಡುವೆ ಒಂದು ಕಿರಿದಾದ ದಾರಿ. ಎರಡೂ ಪಕ್ಕ ದಟ್ಟ ಮರ, ಸೊಂಟದ ತನಕ ಹಿಮ. ಎದುರಿಗೊಂದು ಲಾರಿ ಬಂದರೆ ದಾರಿ ಬಿಡಲು ಒದ್ದಾಟ. ಅಂಥ ದಾರಿ ಮೇಲೆ ಟ್ಯಾಂಕ್, ಫಿರಂಗಿ ಎಳೆಯುವ ಟ್ರಾಕ್ಟರ್, ಕುದುರೆ ಗಾಡಿ, ಅಡುಗೆ ಗಾಡಿ, ಎಲ್ಲವೂ ಒಂದರ ಹಿಂದೆ ಒಂದು. ಇಪ್ಪತ್ತು ಕಿಲೋಮೀಟರಿಗೂ ಉದ್ದದ ಸಾಲು. ಮುಂದಿನದು ನಿಂತರೆ ಹಿಂದಿನವೆಲ್ಲ ನಿಲ್ಲಬೇಕು.

ಮುಂದಿನದನ್ನು ನಿಲ್ಲಿಸಿದವರು ಎಷ್ಟು ಜನ ಗೊತ್ತಾ? ಸುಮಾರು 350. ಫಿನ್ಲೆಂಡಿನ ಕ್ಯಾಪ್ಟನ್ ಮ್ಯಾಕಿನೆನ್ ಎಂಬವರ ಎರಡು ಕಂಪನಿ. ಕುಯಿವಸ್‌ಯಾರ್ವಿ ಮತ್ತು ಕುಒಮಸ್‌ಯಾರ್ವಿ ಎಂಬ ಎರಡು ಕೆರೆಗಳ ನಡುವೆ ನೆಲ ಇಕ್ಕಟ್ಟಾಗುವ ಕಡೆ ಅವರು ರಸ್ತೆಗೆ ಅಡ್ಡ ಕೂತರು. ಇಡೀ ಡಿವಿಷನ್ ಆ ಅಡ್ಡಗಟ್ಟಿನ ಹಿಂದೆ ದಿನಗಟ್ಟಲೆ ನಿಂತಿತು. ಕಾಡಿನಿಂದ ಬಂದು ತಿವಿಯುತ್ತಿದ್ದ ಸಣ್ಣ ತಂಡಗಳನ್ನು ನೋಡಿ, ಎದುರಿಗೆ ದೊಡ್ಡ ಸೇನೆಯೇ ಇದೆ ಎಂದು ವಿನೊಗ್ರಾದೊವ್ ನಂಬಿದರು. ಅಷ್ಟರಲ್ಲಿ 163ನೇ ಡಿವಿಷನ್‌ನ ಕತೆ ಮುಗಿಯಿತು. ಉಳಿದವರು ಡಿಸೆಂಬರ್ ಕೊನೆಗೆ ಹೆಪ್ಪುಗಟ್ಟಿದ ಕೆರೆ ದಾಟಿ ಓಡಿದರು.

ಆಮೇಲೆ ಫಿನ್ನಿಷ್ ಪಡೆಯ ಕರ್ನಲ್ ಯಾಲ್ಮರ್ ಸೀಲಾಸ್ವುವೊ ತಮ್ಮ ಪಡೆಯನ್ನೆಲ್ಲ 44ರ ಕಡೆಗೆ ತಿರುಗಿಸಿದರು. ರಸ್ತೆಯ ದಕ್ಷಿಣಕ್ಕೆ, ಸಾಲು ಕೆರೆಗಳ ಮಂಜುಗಡ್ಡೆ ಮೇಲೆ, ಅವರು ಇನ್ನೊಂದು ದಾರಿಯನ್ನೇ ಮಾಡಿಕೊಂಡಿದ್ದರು. ಅದರ ಮೇಲೆ ಸಾಮಾನು, ಜನ, ಫಿರಂಗಿ ಸದ್ದಿಲ್ಲದೆ ಓಡಾಡಿತು. ಜನವರಿ 1ರ ರಾತ್ರಿಯಿಂದ ಕಾಡಿನೊಳಗಿಂದ ಸ್ಕೀ ಮೇಲೆ ಬಂದು ಸಾಲನ್ನು ತುಂಡು ತುಂಡು ಮಾಡಲು ಶುರು ಮಾಡಿದರು. 5ನೇ ತಾರೀಖು ದೊಡ್ಡ ಹೊಡೆತ. 6ರ ಸಂಜೆ ಭಾರದ ಆಯುಧ ಬಿಟ್ಟು ಕಾಡಿನಲ್ಲಿ ಹಿಂದೆ ಸರಿಯಿರಿ ಎನ್ನುವ ಆದೇಶ ಬಂತು. 7ಕ್ಕೆ ಎಲ್ಲ ಮುಗಿದಿತ್ತು.

ಫಿನ್‌ಗಳು ವಶಪಡಿಸಿಕೊಂಡದ್ದರ ಪಟ್ಟಿಯಲ್ಲಿ 43 ಟ್ಯಾಂಕ್ ಇವೆ, ನೂರಾರು ಲಾರಿ ಇವೆ. ಜೊತೆಗೆ 1170 ಕುದುರೆ. ನನ್ನ ಕಣ್ಣು ಪ್ರತಿ ಸಲ ಆ ಕುದುರೆಗಳ ಸಾಲಿನಲ್ಲೇ ನಿಲ್ಲುತ್ತದೆ. ಜನ ಓಡಿಹೋದ ಮೇಲೂ ಸರಂಜಾಮು ಬಿಚ್ಚದೆ, ಮೇವಿಲ್ಲದೆ, ಆ ಚಳಿಯಲ್ಲಿ ನಿಂತಿದ್ದ ಜೀವಗಳು.

"ಮೊತ್ತಿ" ಅಂತ ಒಂದು ಪದ ಬರುತ್ತಲ್ಲ, ಏನದು?

ಫಿನ್ನಿಷ್‌ನಲ್ಲಿ ಮೊತ್ತಿ ಅಂದರೆ ಸೌದೆ ಒಟ್ಟಿದ ರಾಶಿ. ಕಡಿದು, ಅಳತೆಗೆ ಒಟ್ಟಿ ಬಿಡುತ್ತಾರೆ. ಬೇಕಾದಾಗ ಬಂದು ಒಂದೊಂದೇ ತೆಗೆದುಕೊಂಡು ಹೋಗುತ್ತಾರೆ. ಉದ್ದ ಸಾಲಿನ ಶತ್ರುವನ್ನು ತುಂಡು ಮಾಡಿ, ಒಂದೊಂದು ತುಂಡನ್ನೂ ಸುತ್ತುಗಟ್ಟಿ, ಚಳಿ ಹಸಿವಿಗೆ ಬಿಟ್ಟು, ಆಮೇಲೆ ಒಂದೊಂದಾಗಿ ಮುಗಿಸುವುದಕ್ಕೆ ಅದೇ ಹೆಸರಾಯಿತು. ಕಾಡಿನ ಜನರ ಬಾಯಿಂದ ಬಂದ ಪದ.

ಅವರನ್ನು ಸೋಲಿಸಿದ್ದು ಫಿನ್‌ಗಳಲ್ಲ, ಚಳಿ ಅಂತಾರೆ. ನಿಜಾನಾ?

ಅರ್ಧ ಮಾತ್ರ. ಮೈನಸ್ 30, ಮೈನಸ್ 40 ಡಿಗ್ರಿ ಇಬ್ಬರಿಗೂ ಒಂದೇ ಆಗಿತ್ತು. ಫಿನ್‌ಗಳ ಹತ್ತಿರ ಒಲೆ ಇದ್ದ ಡೇರೆ ಇತ್ತು. ದಾಳಿ ಮಾಡಿ ಬಂದವರು ಅಲ್ಲಿ ಮಲಗಿ, ಬಿಸಿ ಊಟ ಮಾಡಿ, ಸರದಿ ಪ್ರಕಾರ ಮತ್ತೆ ಹೋಗುತ್ತಿದ್ದರು. ಬಿಳಿ ಮೇಲಂಗಿ ಇತ್ತು. ನಡೆಯಲು ಕಲಿತ ವಯಸ್ಸಿಗೇ ಸ್ಕೀ ಕಟ್ಟಿದವರು.

44ರ ಹುಡುಗರಿಗೆ ಹಿಮದಲ್ಲಿ ಕಾಡಿನೊಳಗೆ ಹೆಜ್ಜೆ ಇಡುವುದೇ ಗೊತ್ತಿರಲಿಲ್ಲ. ಹಾಗಾಗಿ ರಸ್ತೆ ಬಿಟ್ಟು ಇಳಿಯಲಿಲ್ಲ. ಬೆಂಕಿ ಹಾಕಿದರೆ ಆ ಬೆಳಕಿಗೇ ಗುಂಡು ಬರುತ್ತಿತ್ತು. ಹಾಕದಿದ್ದರೆ ಕೈಕಾಲು ಮರಗಟ್ಟುತ್ತಿತ್ತು. ಫಿನ್‌ಗಳು ಬೇಕೆಂದೇ ಅಡುಗೆ ಗಾಡಿಗಳಿಗೆ ಗುರಿ ಇಟ್ಟರು. ಹೊಗೆ ಮೇಲೇಳುವ ಒಂದು ಗಾಡಿ ಹೋದರೆ ನೂರಾರು ಜನರಿಗೆ ಬಿಸಿ ಗಂಜಿ ಇಲ್ಲ. ಚಳಿ ಎಲ್ಲರಿಗೂ ಇತ್ತು. ಅದಕ್ಕೆ ತಯಾರಿ ಒಬ್ಬರಿಗೆ ಇತ್ತು, ಇನ್ನೊಬ್ಬರಿಗೆ ಇರಲಿಲ್ಲ. ಆ ತಯಾರಿ ಮಾಡಬೇಕಾದವರು ಆ ಹುಡುಗರಲ್ಲ, ಅವರನ್ನು ಕಳಿಸಿದವರು.

ಎಷ್ಟು ಜನ ಸತ್ತರು? ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳ್ತಾರೆ.

ಸೋವಿಯತ್ ದಾಖಲೆಯಲ್ಲಿ ಜನವರಿ 1ರಿಂದ 7ರ ತನಕ 44ರ ನಷ್ಟ ಹೀಗಿದೆ: ಸತ್ತವರು 1001, ಗಾಯಗೊಂಡವರು 1430, ಕಾಣೆಯಾದವರು 2243. ಒಟ್ಟು 4674. ಆ ಹೊತ್ತಿಗೆ ಅಲ್ಲಿದ್ದವರು ಸುಮಾರು 14000. ಅಂದರೆ ಮೂವರಲ್ಲಿ ಒಬ್ಬರು, ಅದೂ ಒಂದೇ ವಾರದಲ್ಲಿ. ಫಿನ್ಲೆಂಡಿನ ಹಳೆಯ ಬರಹಗಳಲ್ಲಿ ಅಂಕಿ ಇದರ ಹಲವು ಪಟ್ಟು ಜಾಸ್ತಿ. ಅಲ್ಲಿ 163ನೇ ಡಿವಿಷನ್‌ನ ನಷ್ಟವನ್ನೂ ಕೂಡಿಸಿರುತ್ತಾರೆ.

ಒಂದು ಮಾತು ಗಮನಿಸಿ. ಆ ವಾರದಲ್ಲಿ ಕಾಣೆಯಾದವರ ಸಾಲೇ ಎಲ್ಲಕ್ಕಿಂತ ದೊಡ್ಡದು. ಕೆಲವರು ಸೆರೆ ಸಿಕ್ಕರು. ಉಳಿದವರು ಕಾಡಿನಲ್ಲಿ ಎಲ್ಲೋ ಹಿಮದ ಕೆಳಗೆ ಉಳಿದರು. ಝಿತೊಮಿರ್ ಕಡೆಯ ಎಷ್ಟೋ ಮನೆಗಳಿಗೆ ಹೋದ ಕಾಗದದಲ್ಲಿ ಇದ್ದದ್ದು ಇದೇ ಪದ.

ಕಮಾಂಡರ್‌ನನ್ನು ಅವನ ಸೈನಿಕರ ಮುಂದೆಯೇ ಗುಂಡಿಟ್ಟು ಕೊಂದರಂತೆ. ತಪ್ಪು ಅವನದ್ದೇ ಇತ್ತಾ?

1940ರ ಜನವರಿ 11. ಗಡಿಯಾಚೆಯ ವಾಜೆನ್‌ವಾರಾ ಎಂಬ ಹಳ್ಳಿ. ಉಳಿದು ಬಂದ ಸೈನಿಕರನ್ನು ಸಾಲಾಗಿ ನಿಲ್ಲಿಸಿದರು. ವಿನೊಗ್ರಾದೊವ್, ಅವರ ಸಿಬ್ಬಂದಿ ಮುಖ್ಯಸ್ಥ ವೋಲ್ಕೊವ್, ರಾಜಕೀಯ ವಿಭಾಗದ ಮುಖ್ಯಸ್ಥ ಪಖೋಮೆಂಕೊ, ಈ ಮೂವರ ವಿಚಾರಣೆ ಬಯಲಿನಲ್ಲೇ ನಡೆಯಿತು. ಶಿಕ್ಷೆಯೂ ಅಲ್ಲೇ. ಮಾಸ್ಕೋದಿಂದ ಬಂದಿದ್ದ ಸ್ಟಾಲಿನ್‌ನ ನಂಬಿಕೆಯ ಲೆವ್ ಮೆಖ್ಲಿಸ್ ಆಗ 9ನೇ ಸೇನೆಯಲ್ಲೇ ಇದ್ದ.

ವಿನೊಗ್ರಾದೊವ್ ತಪ್ಪು ಮಾಡಲಿಲ್ಲ ಎಂದು ನಾನು ಹೇಳುವುದಿಲ್ಲ. 350 ಜನರ ಅಡ್ಡಗಟ್ಟನ್ನು ಜೋರಾಗಿ ಹೊಡೆಯಲಿಲ್ಲ. ಪಕ್ಕದ ಕಾಡಿಗೆ ಕಾವಲು ಕಳಿಸಲಿಲ್ಲ. ಕೊನೆಗೆ ಪಡೆಯ ಮೇಲೆ ಹಿಡಿತವೇ ತಪ್ಪಿತು. ಆದರೆ ಡಿವಿಷನ್ ಅನ್ನು ತುಂಡು ತುಂಡಾಗಿ ದೂಡಿದ್ದು ಅವರಲ್ಲ. ಒಂದೇ ರಸ್ತೆಯ ಯೋಜನೆ ಅವರದ್ದಲ್ಲ. ಹಿಂದೆ ಸರಿಯಲು ಅನುಮತಿ ಕೇಳಿದರೆ ಉತ್ತರ ತಡವಾಗಿ ಬಂತು. ಯೋಜನೆ ಮಾಡಿದವರ ಪಾಲಿನ ಗುಂಡು ಕೂಡ ಆ ಮೂವರಿಗೇ ಬಿತ್ತು ಎಂದು ನನಗೆ ಅನ್ನಿಸುತ್ತದೆ.

ಫಿನ್‌ಗಳ ಕೈಗೆ ಸೆರೆ ಸಿಕ್ಕವರು ಊರಿಗೆ ವಾಪಸ್ ಹೋದ್ರಾ?

ತುಂಬಾ ಜನರಿಗೆ ಆ ಭಾಗ್ಯ ಇರಲಿಲ್ಲ. ಚಳಿಗಾಲದ ಯುದ್ಧ ಮುಗಿದ ಮೇಲೆ ಫಿನ್ಲೆಂಡ್ ಎಲ್ಲ ಡಿವಿಷನ್‌ಗಳ ಸುಮಾರು 5500 ಸೋವಿಯತ್ ಕೈದಿಗಳನ್ನು ಮರಳಿಸಿತು. ಅವರನ್ನು ಇವಾನೊವೊ ಪ್ರಾಂತ್ಯದ ಒಂದು ಶಿಬಿರದಲ್ಲಿಟ್ಟು ವಿಚಾರಣೆ ಮಾಡಿದರು. ಗಾಯಗೊಂಡು ಸಿಕ್ಕಿದ್ದ ಕೆಲವು ನೂರು ಜನರನ್ನು ಬಿಟ್ಟರು. ಕೆಲವು ನೂರು ಜನರಿಗೆ ಗುಂಡಿಟ್ಟರು. ಉಳಿದ ಬಹುಪಾಲು ಜನರಿಗೆ 5ರಿಂದ 8 ವರ್ಷ ಕಾರ್ಮಿಕ ಶಿಬಿರ. ಬದುಕಿ ಬಂದದ್ದೇ ಅವರ ಅಪರಾಧವಾಯಿತು.

## ಜರ್ಮನ್ನರ ವಿರುದ್ಧ

ಬಯಲಿನ ಡಿವಿಷನ್ "ಬೆಟ್ಟದ ಡಿವಿಷನ್" ಹೇಗಾಯ್ತು?

ಫಿನ್ಲೆಂಡಿನಿಂದ ಬಂದ ಮೇಲೆ 1940ರಲ್ಲಿ ಅದನ್ನು ಬೆಟ್ಟದ ರೈಫಲ್ ಡಿವಿಷನ್ ಮಾಡಿ ಕಾರ್ಪೇಥಿಯನ್ ಬೆಟ್ಟಸಾಲಿನ ಬುಡದಲ್ಲಿ, ಹಂಗೇರಿ ಗಡಿಗೆ ಇಟ್ಟರು. ಮೂರರ ಬದಲು ನಾಲ್ಕು ರೆಜಿಮೆಂಟ್. ನಡುವೆ ಬೆಟಾಲಿಯನ್ ಇಲ್ಲ, ರೆಜಿಮೆಂಟ್ ಕೆಳಗೆ ನೇರ ಕಂಪನಿಗಳು. ಹೊರೆ ಹೊರುವ ಕುದುರೆ ಜಾಸ್ತಿ, ಫಿರಂಗಿ ಹಗುರ. ಬೆಟ್ಟದಲ್ಲಿ ಇದು ಸರಿ. ದುರದೃಷ್ಟಕ್ಕೆ ಅವರು ಹೋರಾಡಬೇಕಾಗಿ ಬಂದದ್ದು ಬಯಲಿನಲ್ಲಿ.

1941ರಲ್ಲಿ ಇಡೀ ಡಿವಿಷನ್ ಮುಗಿದುಹೋಯ್ತಾ?

ಹೌದು. ಜೂನ್ 22ರಂದು ಜರ್ಮನ್ ದಾಳಿ ಶುರುವಾದಾಗ ಇವರ ಭಾಗದ ಗಡಿ ಶಾಂತವಾಗಿತ್ತು. ಹಂಗೇರಿ ಯುದ್ಧಕ್ಕೆ ಇಳಿದದ್ದೇ ಐದು ದಿನದ ಮೇಲೆ. ಆದರೆ ಉತ್ತರದಲ್ಲಿ ಜರ್ಮನ್ ಟ್ಯಾಂಕ್‌ಗಳು ಒಳನುಗ್ಗಿದ್ದವು. ಇವರು ಸೋಲದೆಯೇ ಹಿಂದೆ ಸರಿಯಬೇಕಾಯಿತು. ತಿಂಗಳಿಗೂ ಹೆಚ್ಚು ಕಾಲ, ಧೂಳಿನಲ್ಲಿ, ಬಿಸಿಲಿನಲ್ಲಿ, ನೂರಾರು ಕಿಲೋಮೀಟರ್ ನಡಿಗೆ. ಆಗಸ್ಟ್ ಮೊದಲ ವಾರ ಉಮಾನ್ ಹತ್ತಿರ ಸುತ್ತಲಿನಿಂದ ದಾರಿ ಮುಚ್ಚಿತು.

6 ಮತ್ತು 12ನೇ ಸೇನೆಗಳು ಪೂರ್ತಿ ಆ ಬಲೆಯಲ್ಲಿದ್ದವು. 103000 ಕೈದಿಗಳು ಸಿಕ್ಕರು ಎಂದು ಜರ್ಮನ್ನರು ಹೇಳಿಕೊಂಡರು. ಕೈದಿಗಳನ್ನು ಉಮಾನ್‌ನ ಇಟ್ಟಿಗೆ ಕಾರ್ಖಾನೆಯ ಮಣ್ಣು ತೆಗೆದ ಗುಂಡಿಯೊಳಗೆ ಇಳಿಸಿದರು. ಮೇಲೆ ಸೂರಿಲ್ಲ, ಕೆಳಗೆ ಕೆಸರು. ಆ ಗುಂಡಿಯ ಫೋಟೋಗಳು ಉಳಿದಿವೆ. ನೆಲ ಕಾಣುವುದಿಲ್ಲ, ಬರೀ ತಲೆಗಳು.

44ರ ಕಮಾಂಡರ್ ಮೇಜರ್ ಜನರಲ್ ಸೆಮ್ಯೋನ್ ತ್ಕಚೆಂಕೊ ಸೆರೆ ಸಿಕ್ಕರು. 1945ರಲ್ಲಿ ನಾಜಿಗಳ ಝಕ್ಸೆನ್‌ಹೌಸೆನ್ ಶಿಬಿರದಲ್ಲಿ ಸತ್ತರು. ಅವರ ಮೇಲಿದ್ದ 13ನೇ ಕೋರ್‌ನ (ಕೆಲವು ಡಿವಿಷನ್ ಸೇರಿದ ಪಡೆ) ಜನರಲ್ ಕಿರಿಲ್ಲೊವ್ ಕೂಡ ಸೆರೆಯಾದರು. ಆಗಸ್ಟ್ 16ರಂದು ಹೊರಟ ಸ್ಟಾಲಿನ್‌ನ 270ನೇ ಆದೇಶ ಅವರನ್ನು ಹೆಸರು ಹಿಡಿದು ದ್ರೋಹಿ ಎಂದಿತು. ಯುದ್ಧ ಮುಗಿದ ಮೇಲೆ ಬಿಡುಗಡೆಯಾಗಿ ದೇಶಕ್ಕೆ ಮರಳಿದ ಕಿರಿಲ್ಲೊವ್‌ರನ್ನು ಹಿಡಿದು 1950ರಲ್ಲಿ ಗುಂಡಿಟ್ಟರು. 1956ರಲ್ಲಿ ನಿರಪರಾಧಿ ಎಂದರು.

ಮುಗಿದುಹೋಗಿದ್ದರೆ 1944ರಲ್ಲಿ ಚೂದೊವೊ ಬಿಡಿಸಿದ 44ನೇ ಡಿವಿಷನ್ ಯಾವುದು?

ಅದು ಬೇರೆ. 1941ರ ಸೆಪ್ಟೆಂಬರ್‌ನಲ್ಲಿ ಹಳೆಯ 44 ಅನ್ನು ಪಟ್ಟಿಯಿಂದ ತೆಗೆದರು. ಅದೇ ತಿಂಗಳು ಲೆನಿನ್‌ಗ್ರಾಡ್‌ನಲ್ಲಿ ಜನರ ಸ್ವಯಂಸೇವಾ ಪಡೆಯೊಂದಕ್ಕೆ ಖಾಲಿಯಾದ ನಂಬರ್ ಕೊಟ್ಟರು. ಕಾರ್ಖಾನೆ ಕೆಲಸದವರು, ಗುಮಾಸ್ತರು, ವಿದ್ಯಾರ್ಥಿಗಳು ಬಂದೂಕು ಹಿಡಿದು ಸೇರಿದಂಥ ಪಡೆ.

ನಗರ ಮುತ್ತಿಗೆಯಲ್ಲಿತ್ತು. ನವೆಂಬರ್ 8ರಂದು ತಿಖ್ವಿನ್ ಬಿದ್ದಾಗ ಲದೋಗಾ ಸರೋವರಕ್ಕೆ ಸಾಮಾನು ತರುತ್ತಿದ್ದ ರೈಲು ದಾರಿಯೇ ಕಡಿಯಿತು. ಮುತ್ತಿಗೆಯ ಒಳಗಿನಿಂದ ಹೊರಗೆ ಕಳಿಸಿದ ಪಡೆಗಳಲ್ಲಿ ಈ 44 ಇತ್ತು. ಹಸಿದ ಊರಿನಿಂದ ಹೊರಟವರು ಆ ಊರಿಗೆ ಅನ್ನದ ದಾರಿ ತೆರೆಯಲು ಹೋರಾಡಿದರು. ಡಿಸೆಂಬರ್ 9ಕ್ಕೆ ತಿಖ್ವಿನ್ ಮರಳಿ ಸಿಕ್ಕಿತು. ಆಮೇಲೆ ವೋಲ್ಖೊವ್ ನದಿ ಬದಿಯ ಜವುಗಿನಲ್ಲಿ ಎರಡು ವರ್ಷ. 1944ರ ಜನವರಿ 29ರಂದು ಮಾಸ್ಕೋ–ಲೆನಿನ್‌ಗ್ರಾಡ್ ರೈಲು ಮಾರ್ಗದ ಮೇಲಿನ ಚೂದೊವೊ ಬಿಡಿಸಿ ಅದರ ಹೆಸರನ್ನೇ ಬಿರುದಾಗಿ ಪಡೆದರು.

## ಇನ್ನಷ್ಟು ಆಳಕ್ಕೆ ಇಳಿಯುವವರಿಗೆ

ಹಾಗಾದ್ರೆ ಎರಡನ್ನೂ ಸೇರಿಸಿ ಒಂದೇ ಡಿವಿಷನ್ ಅನ್ನಬಹುದಾ?

ನಾನು ಅನ್ನುವುದಿಲ್ಲ. ಎರಡನೆಯದಕ್ಕೆ ಶ್ಚೋರ್ಸ್ ಹೆಸರು ಬರಲಿಲ್ಲ, ಕೀವ್ ಬಿರುದು ಬರಲಿಲ್ಲ, ಜನ ಬೇರೆ, ಊರು ಬೇರೆ. ಬಂದದ್ದು ನಂಬರ್ ಮಾತ್ರ. ಸೋವಿಯತ್ ಇತಿಹಾಸಕಾರರು ಇದಕ್ಕೇ "ಮೊದಲ ರಚನೆ", "ಎರಡನೇ ರಚನೆ" ಎಂದು ಬೇರೆ ಮಾಡಿ ಬರೆಯುತ್ತಾರೆ. ನೀವು ಯಾವುದೇ ಸೋವಿಯತ್ ಡಿವಿಷನ್ ಬಗ್ಗೆ ಓದುವಾಗ ಮೊದಲು ಇದನ್ನೇ ನೋಡಿ. 1941ರ ಕೊನೆಯಲ್ಲಿ ನಂಬರುಗಳು ಹೀಗೆ ಕೈ ಬದಲಾದದ್ದು ತುಂಬಾ.

ಇನ್ನೂ ಒಂದು ಮಾತಿದೆ. 1940ರ ಜನವರಿಯ ನಂತರ ಮತ್ತೆ ಜನ ತುಂಬಿಸಿದ ಡಿವಿಷನ್, ಅದಕ್ಕೆ ಮೊದಲಿದ್ದದ್ದೇ ಹೌದಾ? ಬಾವುಟ ಅದೇ, ರೆಜಿಮೆಂಟ್ ನಂಬರ್ ಅದೇ. ಆದರೆ ರಾತೆ ರಸ್ತೆಯಲ್ಲಿ ಮುಂದೆ ನಿಂತಿದ್ದ ಕಂಪನಿಗಳ ಎಷ್ಟೋ ಮುಖಗಳು ಮತ್ತೆ ಬರಲಿಲ್ಲ.

9ನೇ ಸೇನೆಯ ಚುಯ್ಕೊವ್ ಅಂದ್ರೆ ಸ್ಟಾಲಿನ್‌ಗ್ರಾಡ್‌ನ ಚುಯ್ಕೊವ್ ಅಲ್ವಾ?

ಅವರೇ. ವಸಿಲಿ ಚುಯ್ಕೊವ್. ಡಿಸೆಂಬರ್ ಕೊನೆಯಲ್ಲಿ ಹಿಂದಿನವರನ್ನು ತೆಗೆದು ಅವರನ್ನು 9ನೇ ಸೇನೆಗೆ ತಂದರು. 44 ಮುರಿದಾಗ ಮೇಲಿನ ಕಮಾಂಡರ್ ಅವರೇ. ಎರಡೂವರೆ ವರ್ಷಕ್ಕೂ ಹೆಚ್ಚು ಕಳೆದ ಮೇಲೆ ವೋಲ್ಗಾ ದಂಡೆಯ ಸ್ಟಾಲಿನ್‌ಗ್ರಾಡ್‌ನಲ್ಲಿ 62ನೇ ಸೇನೆ ಅವರ ಕೈಗೆ ಬಂತು. ಅಲ್ಲಿ ಸಣ್ಣ ಸಣ್ಣ ತಂಡ ಮಾಡಿ, ಶತ್ರುವಿಗೆ ಮೈತಾಗುವಷ್ಟು ಹತ್ತಿರ ಕೂತು ಹೋರಾಡುವ ರೀತಿಗೆ ಹೆಸರಾದರು. ರಾತೆಯಲ್ಲಿ ಸಣ್ಣ ತಂಡಗಳು ದೊಡ್ಡ ಸಾಲನ್ನು ತಿಂದುಹಾಕಿದ್ದನ್ನು ಅವರು ಹತ್ತಿರದಿಂದ ಕಂಡಿದ್ದರು. ಒಂದಕ್ಕೊಂದು ನೇರ ಸಂಬಂಧ ಇದೆ ಎಂದು ನಾನು ಒತ್ತಿ ಹೇಳಲಾರೆ. ಆದರೂ ಎರಡನ್ನೂ ಜೊತೆಗಿಟ್ಟು ಓದಿ ನೋಡಿ.

ಇವರನ್ನು ರಷ್ಯನ್ನರು ಅನ್ನಬೇಕಾ, ಉಕ್ರೇನಿಯನ್ನರು ಅನ್ನಬೇಕಾ?

ನಮ್ಮಲ್ಲಿ "ರಷ್ಯಾ ಸೇನೆ" ಎಂದು ಸುಮ್ನೆ ಬಾಯಿಗೆ ಬಂದಂತೆ ಹೇಳಿಬಿಡುತ್ತೇವೆ. ನಾನೂ ಮೊದಲು ಹಾಗೇ ಹೇಳುತ್ತಿದ್ದೆ. ಸೋವಿಯತ್ ಸೇನೆ ಎನ್ನುವುದೇ ಸರಿ. ಮೊದಲ 44ರಲ್ಲಿ ದೊಡ್ಡ ಪಾಲು ಉಕ್ರೇನಿನವರು, ಜೊತೆಗೆ ರಷ್ಯನ್ನರು, ಬೇರೆಯವರೂ ಇದ್ದರು. ಎರಡನೆಯದು ಲೆನಿನ್‌ಗ್ರಾಡ್ ಜನರಿಂದ ಶುರುವಾದದ್ದು. ಸತ್ತವರನ್ನು ಅವರ ಊರಿನ ಹೆಸರಿನಿಂದ ನೆನೆಯುವುದು ನ್ಯಾಯ ಎಂದು ನನಗೆ ಅನ್ನಿಸುತ್ತದೆ.

ರಾತೆ ರಸ್ತೆಯಲ್ಲಿ ಈಗ ನೋಡಲು ಏನಿದೆ?

ರಸ್ತೆ ಹಾಗೇ ಇದೆ, ಈಗಲೂ ಎರಡೂ ಪಕ್ಕ ಕಾಡು. ಶುರುವಿನಲ್ಲಿ ಒಂದು ಮ್ಯೂಸಿಯಂ ಇದೆ. ದಾರಿಯಲ್ಲಿ ರಷ್ಯನ್ನರ ಸ್ಮಾರಕ ಬೇರೆ, ಉಕ್ರೇನಿಯನ್ನರ ಸ್ಮಾರಕ ಬೇರೆ.

ಮ್ಯೂಸಿಯಂ ಹತ್ತಿರದ ಸ್ಮಾರಕ 2003ರದ್ದು. ಅದರ ಹೆಸರಿಗೆ "ಅಗಲ ಚಾಚಿದ ತೋಳು" ಎನ್ನುವ ಅರ್ಥ. ಸುತ್ತ ಬಯಲಿನಲ್ಲಿ ಸಾವಿರ ಸಾವಿರ ಕಾಡುಗಲ್ಲುಗಳನ್ನು ನಿಲ್ಲಿಸಿದ್ದಾರೆ. ಅಲ್ಲಿ ಸತ್ತ ಎರಡೂ ಕಡೆಯವರಿಗಾಗಿ. ಕಲ್ಲುಗಳ ಮೇಲೆ ಹೆಸರಿಲ್ಲ, ಯಾವ ಕಡೆಯವರು ಎನ್ನುವುದೂ ಇಲ್ಲ. ನಡುವೆ ಕಮಾನಿನಂಥ ಕಂಬಗಳು. ಅದರಿಂದ 105 ಸಣ್ಣ ಗಂಟೆಗಳು ತೂಗುತ್ತವೆ, ಚಳಿಗಾಲದ ಯುದ್ಧ ನಡೆದ ಒಂದೊಂದು ದಿನಕ್ಕೆ ಒಂದೊಂದು. ಬಾರಿಸುವವರು ಯಾರೂ ಇಲ್ಲ. ಗಾಳಿ ಬಂದಾಗ ತಾವಾಗಿಯೇ ಸದ್ದು ಮಾಡುತ್ತವೆ.